ಹಳೆಯ ದಂಡಿನ ಕೋವಿ: ಅದರ ಮಾರ್ಪಾಟುಗಳೂ ಗುರುತುಗಳೂ

ಹೊಳಲ್ಕೆರೆ ಸೀಮೆಯ ಚಿಕ್ಕಜಾಜೂರಿನಲ್ಲಿ ಕವಲೊಡೆಯುವ ರೈಲುದಾರಿಯು ಚಿತ್ರದುರ್ಗದ ಬಂಡೆಗಳ ಬುಡವನ್ನು ಮುಟ್ಟುವುದು. ಆ ದುರ್ಗವನ್ನು ನೋಡಹೋಗುವವರಿಗೆ, ಕೋಟೆಯೊಳಗೆ ತಗ್ಗಿನಲ್ಲಿ ಕಟ್ಟಿದ ಒಂದು ತೊಟ್ಟಿಯಲ್ಲಿ, ಮದ್ದು ಅರೆಯುತ್ತಿದ್ದ ದೊಡ್ಡ ಬೀಸುಕಲ್ಲುಗಳು ಇಂದಿಗೂ ಕಾಣಸಿಗುವುವು. 1779ರಲ್ಲಿ ಮದಕರಿನಾಯಕನ ಕೈಯಿಂದ ದುರ್ಗವು ಹೈದರಾಲಿಯ ವಶವಾಯಿತು. ಟಿಪ್ಪುವು ಅದಕ್ಕೆ ಫರೂಕ್‌ಯಾಬ್ ಹಿಸಾರ್ ಎಂದು ಹೆಸರಿಟ್ಟನು. 1799ರ ತರುವಾಯ ಅಲ್ಲಿಯ ಆಯುಧಸಂಪತ್ತು ಚದುರಿಹೋಯಿತು. ಮದ್ದನ್ನು ಅರೆದ ಕಲ್ಲುಗಳು ಉಳಿದುವು. ಆ ಮದ್ದನ್ನು ಉಂಡ ಕೋವಿಗಳು ಬಹುಮಟ್ಟಿಗೆ ಉಳಿಯಲಿಲ್ಲ.

ಹೀಗಿರಲಾಗಿ, ಆಯುಧಪೂಜೆಯ ದಿನ ಹಳೆಯ ಮನೆಗಳಲ್ಲಿ ಕುಂಕುಮವಿಟ್ಟು ನಿಲ್ಲಿಸುವ ಕೋವಿಯನ್ನು ಪಾಳೆಯಗಾರರ ಕಾಲದ್ದೆಂದು ಹೇಳುವುದು ಸಹಜವಾದರೂ, ಪರಿಶೀಲಿಸಿ ನೋಡಿದರೆ ಅಂತಹ ಕೋವಿಯು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ್ದೋ ಇಪ್ಪತ್ತನೆಯ ಶತಮಾನದ್ದೋ ಆಗಿರುವ ಸಂಭವವೇ ಹೆಚ್ಚು. ಅದು ಒಂದು ಕಾಲದಲ್ಲಿ ದಂಡಿನ ಸಿಪಾಯಿಯ ಹೆಗಲ ಮೇಲಿದ್ದು, ಹೊಸ ಮಾದರಿ ಬಂದಾಗ ಹಳತಾಗಿ, ಯಾವುದೋ ಕಾರ್ಖಾನೆಯಲ್ಲಿ ಕೊಯ್ದು ಕೊರೆದು ಬೇರೊಂದು ಉಪಯೋಗಕ್ಕೆ ಮಾರ್ಪಟ್ಟು, ಅಲ್ಲಿಂದ ಠಾಣೆಗೋ ಕಾವಲಿಗೋ ಹರಾಜಿಗೋ ಬಂದುದಾಗಿರಬಹುದು. ಇಂತಹ ಕೋವಿಯನ್ನು ಗುರುತಿಸುವ ಕ್ರಮವೇನು, ಅದರ ಬೆಲೆಯನ್ನು ತಿಳಿಯುವುದು ಹೇಗೆ ಎಂಬುದು ಪ್ರಕೃತ ಲೇಖನದ ವಿಷಯ.

ಓಲೆಯ ಪ್ರತಿಗಳನ್ನು ಶೋಧಿಸುವವರಿಗೆ ಈ ಕೆಲಸದ ರೀತಿಯು ಹೊಸದಲ್ಲ. ಒಂದು ಗ್ರಂಥದ ಮೂಲಪಾಠ ಯಾವುದು, ಲಿಪಿಕಾರನು ತಿದ್ದಿದುದು ಯಾವುದು, ಆಮೇಲೆ ಸೇರಿಸಿದ ಗರಿ ಯಾವುದು ಎಂದು ವಿಂಗಡಿಸುವಂತೆಯೇ, ಮಾರ್ಪಟ್ಟ ಕೋವಿಯಲ್ಲಿಯೂ ಪದರಪದರವಾಗಿ ಬಿಡಿಸಿ ನೋಡಬೇಕಾಗುವುದು. ಆದರೆ ಒಂದು ಭೇದವುಂಟು. ಗ್ರಂಥಶೋಧಕನಿಗೆ ಮೂಲಪಾಠವೇ ಗುರಿ. ಕೋವಿಯ ವಿಷಯದಲ್ಲಿ ಮೂಲಕ್ಕಿಂತ ತಿದ್ದುಪಡಿಯೇ ಎಷ್ಟೋ ವೇಳೆ ಹೆಚ್ಚು ಮಾತನಾಡುವುದು. ಭಾರತದಲ್ಲಿ ಬಳಕೆಯಾದ ಸೇನಾಕೋವಿಗಳ ಮಟ್ಟಿಗೆ ಈ ಮಾತು ವಿಶೇಷವಾಗಿ ಸಲ್ಲುವುದು. ಆಳುವವರು ಯಾರನ್ನು ಎಷ್ಟರಮಟ್ಟಿಗೆ ನಂಬಿದರೆಂಬುದು ಇವುಗಳ ನಳಿಗೆಯ ಒಳಮೈಯಲ್ಲಿ ಬರೆದಿದೆ.

ಮೊದಲು ಹೆಸರುಗಳ ವಿಚಾರ. ಕನ್ನಡದಲ್ಲಿ ಕೋವಿ ಎಂದರೆ ಕೊಳವೆ ಎಂದೇ ಮೂಲಾರ್ಥ. ತುಪಾಕಿ ಎಂಬುದು ತುರ್ಕಿಯಿಂದಲೂ ಬಂದೂಕು ಎಂಬುದು ಅರಬ್ಬಿಯಿಂದಲೂ ಬಂದ ಮಾತುಗಳು. ಔಷಧಕ್ಕೂ ಸಿಡಿಯುವ ಪುಡಿಗೂ ಮದ್ದು ಎಂಬುದೊಂದೇ ಹೆಸರು. ಕಿಡಿ ಹೊತ್ತುವ ಪುಡಿಗೆ ರಂಜಕ, ಕಿಡಿಯ ಕಲ್ಲಿಗೆ ಚಕಮಕಿ, ಮದ್ದನ್ನು ನಳಿಗೆಗೆ ತುರುಕುವ ಕೋಲಿಗೆ ಗಜ, ಬಡಿದು ಬೆಂಕಿ ಹುಟ್ಟಿಸುವ ಭಾಗಕ್ಕೆ ಕುದುರೆ ಎಂದು ಬಳಕೆಯಿದೆ. ಚಕಮಕಿಯ ಸ್ಥಾನದಲ್ಲಿ ಸಿಡಿಯುವ ಚಿಕ್ಕ ತಾಮ್ರದ ಟೋಪಿಯನ್ನಿಟ್ಟು ಹೊಡೆಯುವುದಕ್ಕೆ ಕೇಪಿನ ಕೋವಿಯೆಂದೂ, ಹಿಂದಿನಿಂದ ತೋಟಾ ಹಾಕುವುದಕ್ಕೆ ತೋಟಾಕೋವಿಯೆಂದೂ ಹೆಸರು. ಆದರೆ ನಳಿಗೆಯ ಒಳಗೋಡೆ ನುಣುಪಾಗಿದೆಯೋ, ಅಥವಾ ಗುಂಡನ್ನು ತಿರುಗಿಸುವ ಸುರುಳಿಗೀರುಗಳು ಅದರಲ್ಲಿ ಕೊರೆದಿವೆಯೋ ಎಂಬ ಮುಖ್ಯ ಭೇದವನ್ನು ಕೋವಿ ಎಂಬ ಮಾತು ತಿಳಿಸುವುದಿಲ್ಲ. ಗೀರುಳ್ಳದ್ದೇ ರೈಫಲ್. ಗೀರಿನಿಂದ ಗುಂಡು ಬುಗುರಿಯಂತೆ ತಿರುಗುತ್ತ ಹೋಗುವುದಾದಕಾರಣ ಅದರ ದಾರಿ ನೇರವಾಗುವುದು; ದೂರವೂ ಹೆಚ್ಚುವುದು.

ಈ ಹೆಸರುಗಳು ಕಾಲನಿರ್ಣಯಕ್ಕೂ ಒದಗುವುವು. ಬ್ರಿಟಿಷ್ ದಂಡಿನಲ್ಲಿ ಕೇಪು ಬಳಕೆಗೆ ಬಂದುದು 1840ರ ಸುಮಾರಿಗೆ. ಆದುದರಿಂದ ಮದಕರಿನಾಯಕನ ಕಾಲದ್ದೆಂದು ಹೇಳುವ ಒಂದು ಕಥನದಲ್ಲಿ ಕೇಪಿನ ಕೋವಿಯ ಪ್ರಸ್ತಾಪವು ಬಂದರೆ, ಆ ಭಾಗವಾದರೂ ಎರಡು ತಲೆಮಾರು ಈಚಿನದೆಂದು ನಿಶ್ಚಯಿಸಬಹುದು. ಮನೆಯ ಕೋವಿಗೂ ಇದೇ ನ್ಯಾಯವು ಸಲ್ಲುವುದು.

ಕೇಪಿನ ಕೋವಿಗಳಲ್ಲಿ ಮುಖ್ಯವಾದುದು 1853ರ ಎನ್‌ಫೀಲ್ಡ್ ಮಾದರಿ. ಇದರ ನಳಿಗೆ 39 ಅಂಗುಲ ಉದ್ದ. ಬಾಯಿಯ ಅಗಲ 0.577 ಅಂಗುಲ, ಒಳಗೆ ಮೂರು ಸುರುಳಿಗೀರುಗಳು, ನಳಿಗೆಯನ್ನು ಮರಕ್ಕೆ ಬಿಗಿಯುವ ಲೋಹದ ಕಟ್ಟುಗಳು ಮೂರು. ಗುರಿಹಿಡಿಯುವ ಹಿಂದಿನ ತಗಡನ್ನು ಎತ್ತಿ ಇಳಿಸಬಹುದು. ಅದರ ಮೇಲೆ ನೂರಾರು ಗಜ ದೂರದ ಅಂಕಿಗಳು ಕೊರೆದಿರುವುವು. 1857ರ ದಂಗೆಗೆ ಕಿಡಿಯಾದ, ಕೊಬ್ಬು ಸವರಿದ ಕಾಗದದ ತೋಟಾ ಈ ಕೋವಿಯದೇ. ಕಾಗದವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿದ್ದುದರಿಂದ ಹಿಂದೂ ಮುಸಲ್ಮಾನ ಸಿಪಾಯಿಗಳಿಬ್ಬರಿಗೂ ಅದು ಧರ್ಮಸಂಕಟವಾಯಿತೆಂಬುದು ಎಲ್ಲರೂ ಬಲ್ಲ ಸಂಗತಿ.

ದಂಗೆಯು ಅಡಗಿದ ಮೇಲೆ ನಡೆದುದು ಅಷ್ಟಾಗಿ ತಿಳಿದಿಲ್ಲ. ಸಿಪಾಯಿಯ ಕೈಯಲ್ಲಿ ಬಿಳಿಯ ಸೈನಿಕನಷ್ಟೇ ದೂರ ಹೊಡೆಯುವ ಕೋವಿ ಇರಬಾರದೆಂದು ಸರ್ಕಾರವು ಎಣಿಸಿತು. ಸೇನೆಯ ಪುನರ್ವ್ಯವಸ್ಥೆಗಾಗಿ ಏರ್ಪಟ್ಟ ಪೀಲ್ ಆಯೋಗವು 1859ರಲ್ಲಿ, ಬಂಗಾಳದಲ್ಲಿ ಇಬ್ಬರು ಸಿಪಾಯಿಗಳಿಗೆ ಒಬ್ಬನಂತೆಯೂ ಮದರಾಸು ಮುಂಬಯಿಗಳಲ್ಲಿ ಮೂವರಿಗೆ ಒಬ್ಬನಂತೆಯೂ ಯೂರೋಪಿಯನ್ ಸೈನಿಕರಿರಬೇಕೆಂದು ಸೂಚಿಸಿತು. ಜನರ ಲೆಕ್ಕದಲ್ಲಿ ಕಾಣುವ ಈ ಅಪನಂಬಿಕೆಯೇ ಕೋವಿಯ ಲೆಕ್ಕದಲ್ಲಿಯೂ ಕಾಣುವುದು. 1858ರ ಭಾರತೀಯ ಸೇವೆಯ ಮಾದರಿಯೆಂಬುದರಲ್ಲಿ ಎನ್‌ಫೀಲ್ಡಿನ ನಳಿಗೆಯನ್ನು ಸುಮಾರು 0.656 ಅಂಗುಲಕ್ಕೆ ಹಿಗ್ಗಿಸಿ ಕೊರೆದು ಸುರುಳಿಗೀರುಗಳನ್ನು ಅಳಿಸಿಬಿಟ್ಟರು. ಏರಿಳಿಯುವ ಗುರಿತಗಡಿನ ಬದಲು ಒಂದು ಕದಲದ ತುಂಡನ್ನು ಕೂರಿಸಿದರು. ದೂರಕ್ಕೆ ಹೊಡೆಯಲಾರದ ಕೋವಿಗೆ ದೂರದ ಅಂಕಿಗಳೇಕೆ? ಒಳಗಿನಿಂದ ಲೋಹವನ್ನು ತೆಗೆದುದರ ಫಲವಾಗಿ ನಳಿಗೆಯ ಗೋಡೆ ತೆಳುವಾಗಿ ಸುಲಭವಾಗಿ ಬಾಗುವಂತಾಯಿತು. ಆದಕಾರಣ 1859ರ ಮಾದರಿಯಲ್ಲಿ ನಳಿಗೆಯನ್ನು ದಪ್ಪಗೆ ಮಾಡಬೇಕಾಯಿತು.

ಹೊರಗಿನಿಂದ ನೋಡುವವನಿಗೆ ಇವೆಲ್ಲವೂ ಒಂದೇ. ಮರ, ಕಟ್ಟು, ಕುದುರೆ, ಪಕ್ಕದ ತಗಡಿನ ಮೇಲಣ ಕಿರೀಟ ಯಾವುದರಲ್ಲಿಯೂ ಗಮನಾರ್ಹವಾದ ಭೇದವಿಲ್ಲ. ಬಾಯಿಯ ಅಗಲವನ್ನು ಅಳೆದು ಒಳಕ್ಕೆ ಬೆಳಕು ಬಿಟ್ಟು ನೋಡಿದವನಿಗೆ ಮಾತ್ರ ನಿಜವು ಗೋಚರಿಸುವುದು. ಇಂತಹ ಕೋವಿಯನ್ನು ಕಂಡ ಸಂಗ್ರಾಹಕರು ಗೀರುಗಳು ಸವೆದುಹೋಗಿವೆಯೆಂದು ಹೀಗಳೆಯುವುದುಂಟು. ಗೀರುಗಳು ಸವೆದುದಲ್ಲ, ಸವೆಸಿದುದು. ಆ ನುಣುಪು 1857ರ ಮುಂದಿನ ಭಾರತದ ಒಂದು ರಾಜಶಾಸನವೇ ಆಗಿದೆ.

ಇದರ ಮಗ್ಗುಲಲ್ಲಿಯೇ ಕೊಡಗಿನ ಸಂಗತಿಯನ್ನಿಟ್ಟು ನೋಡತಕ್ಕದ್ದು. 1834ರಲ್ಲಿ ಕೊಡಗು ಇಂಗ್ಲಿಷರ ಆಳ್ವಿಕೆಗೆ ಸೇರಿದ್ದಿತು. ದಂಗೆಯ ತರುವಾಯ ದೇಶದಲ್ಲೆಲ್ಲ ಜನರ ಆಯುಧಗಳನ್ನು ಕಸಿದುಕೊಳ್ಳುವ ಕಾನೂನು ಬಂದಾಗ, ಮೈಸೂರು ಕೊಡಗುಗಳ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನು 1861ರಲ್ಲಿ ಕೊಡವರಿಗೆ ಅದರಿಂದ ವಿನಾಯಿತಿ ಕೊಟ್ಟನು. ಅವರ ನಿಷ್ಠೆಯೇ ಅದಕ್ಕೆ ಹೇಳಿದ ಕಾರಣ. ಸಿಪಾಯಿಯ ನಳಿಗೆಯಿಂದ ಗೀರುಗಳನ್ನು ಅಳಿಸಿದುದಕ್ಕೂ ಕೊಡವನ ಮನೆಯಲ್ಲಿ ಕೋವಿಯನ್ನು ಉಳಿಸಿದುದಕ್ಕೂ ನಡುವಣ ಅಂತರ ಮೂರು ವರ್ಷ ಮಾತ್ರ. ಕೊಡಗಿನಲ್ಲಿ ತೋಕ್ ಎನಿಸುವ ಕೋವಿಯು ಮನೆತನದ ಅಂಗವಾಗಿ ನಿಂತಿತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವ ವಾಡಿಕೆಯಾಯಿತು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ತೋಕ್‌ಪೂವಿನಿಂದ ಅದನ್ನು ಸಿಂಗರಿಸಿ ಪೂಜಿಸುವರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಒಂದೇ ಕಾಲದ ಒಂದೇ ಸರ್ಕಾರದ ನಂಬಿಕೆ ಅಪನಂಬಿಕೆಗಳೆರಡಕ್ಕೂ ಹೀಗೆ ಕೋವಿಯೇ ಸಾಕ್ಷಿ.

ಎರಡನೆಯ ದೊಡ್ಡ ಮಾರ್ಪಾಟು ಸ್ನೈಡರ್ ಪದ್ಧತಿಯದು. ಬಾಯಿಯಿಂದ ಮದ್ದು ತುಂಬುವ ಕೋವಿಗಳ ಕಾಲವು ಮುಗಿಯಿತೆಂದು ಯೂರೋಪಿನ ಯುದ್ಧಗಳಿಂದ ತಿಳಿದ ಮೇಲೆ, ಲಕ್ಷಗಟ್ಟಲೆ ಎನ್‌ಫೀಲ್ಡುಗಳನ್ನು ಎಸೆಯುವ ಬದಲು ತಿದ್ದಿ ಬಳಸುವ ಉಪಾಯವನ್ನು ಜೇಕಬ್ ಸ್ನೈಡರ್ ಎಂಬ ಅಮೆರಿಕನ್ನನು ಸೂಚಿಸಿದನು; 1866ರಲ್ಲಿ ಅದು ಅಂಗೀಕಾರವಾಯಿತು. ನಳಿಗೆಯ ಹಿಂದುಗಡೆ ಸುಮಾರು ಎರಡೂವರೆ ಅಂಗುಲವನ್ನು ಕೊಯ್ದು, ಅಲ್ಲಿ ಬಲಮಗ್ಗುಲಿಗೆ ಮಡಚಿಕೊಳ್ಳುವ ಉಕ್ಕಿನ ಮುಚ್ಚಳವುಳ್ಳ ತೊಟ್ಟಿಯನ್ನು ಜೋಡಿಸಿದರು. ಮರ, ಕುದುರೆ, ಪಕ್ಕದ ತಗಡು ಎಲ್ಲವೂ ಹಳೆಯವೇ. ಮುಚ್ಚಳದೊಳಗೆ ಓರೆಯಾಗಿ ಕೂರಿಸಿದ ಸೂಜಿ ಮಾತ್ರ ಹೊಸದು. ಕುದುರೆಯು ಸೂಜಿಯನ್ನೂ ಸೂಜಿಯು ಬಾಕ್ಸರ್ ಎಂಬ ಅಧಿಕಾರಿ ರಚಿಸಿದ ಹಿತ್ತಾಳೆಯ ತೋಟಾವನ್ನೂ ಹೊಡೆಯುವುದು. ನಿಮಿಷಕ್ಕೆ ಮೂರು ಗುಂಡು ಹಾರಿಸುತ್ತಿದ್ದ ಕೋವಿ ಹತ್ತು ಹಾರಿಸುವಂತಾಯಿತು.

ಇಲ್ಲಿ ಕಾಲನಿರ್ಣಯದ ಒಂದು ಎಡವಟ್ಟು ಉಂಟು. ಪಕ್ಕದ ತಗಡಿನ ಮೇಲೆ 1857 ಎಂದೋ 1861 ಎಂದೋ ಅಂಕಿ ಇದ್ದು, ಹಿಂದುಗಡೆ 1866ರ ಮುಚ್ಚಳ ಇರುವುದನ್ನು ಕಂಡು ಇದು ಕೂಟಸೃಷ್ಟಿಯೆಂದು ಕೆಲವರು ಶಂಕಿಸುವರು. ಇದು ವಿರೋಧವಲ್ಲ, ಹಳೆಯ ಓಲೆಯ ಕಟ್ಟಿಗೆ ಹೊಸ ಪಟ್ಟಿಕೆ ಹಾಕಿದಂತೆ. ತಗಡಿನ ವರ್ಷವು ಆ ತಗಡಿನ ಜನ್ಮವರ್ಷವೇ ಹೊರತು ಕೋವಿಯ ಇಂದಿನ ರೂಪದ್ದಲ್ಲ. ಬ್ರಿಟಿಷ್ ಸೈನಿಕರಿಗೆ 1871ರ ಮಾರ್ಟಿನಿ-ಹೆನ್ರಿ ಎಂಬ ಸನ್ನೆಯ ಕೋವಿ ಬಂದ ಮೇಲೆ ಸ್ನೈಡರುಗಳು ಸಿಪಾಯಿಗಳ ಪಾಲಾದುವು. ಹತ್ತಿರಹತ್ತಿರ ಎರಡು ದಶಕಗಳ ತರುವಾಯ ಅಗುಳಿಯನ್ನು ಹಿಂದುಮುಂದಕ್ಕೆ ಜಾರಿಸಿ ಹೊಡೆಯುವ ಕೋವಿ ಬಂದಾಗ ಮಾರ್ಟಿನಿಗಳು ಅದೇ ರೀತಿ ಇಳಿದುಬಂದುವು. ಸಿಪಾಯಿಯು ಯಾವಾಗಲೂ ಒಂದು ಮಾದರಿ ಹಿಂದೆ ಉಳಿಯುವಂತೆ ನೋಡಿಕೊಂಡರು. ಕೆಲವು ಮಾರ್ಟಿನಿಗಳಿಗೆ ಹೊಸ ನಳಿಗೆ ಹಾಕಿ 0.303 ಅಂಗುಲದ ತೋಟಾಕ್ಕೆ ಅಳವಡಿಸಿದರು. ಇವುಗಳ ಹಿಂಭಾಗದ ಪೆಟ್ಟಿಗೆಯೂ ಸನ್ನೆಯೂ ಹಳೆಯವು, ನಳಿಗೆ ಮಾತ್ರ ಸಣ್ಣದು.

ಮೂರನೆಯದಾಗಿ ಲೀ-ಎನ್‌ಫೀಲ್ಡ್. ಎರಡು ಮಹಾಯುದ್ಧಗಳಲ್ಲಿ ಬಳಕೆಯಾದ ಈ 0.303 ಅಂಗುಲದ, ಹತ್ತು ತೋಟಾಗಳ ಕೋವಿಯನ್ನು ಬಂಗಾಳದ ಈಶಾಪುರದ ಸರ್ಕಾರೀ ರೈಫಲ್ ಕಾರ್ಖಾನೆಯಲ್ಲಿ ಬಹುಕಾಲ ತಯಾರಿಸಿದರು. ನಮ್ಮ ನಾಡಿನಲ್ಲಿ ಮಾರ್ಪಟ್ಟ ಕೋವಿಯೊಂದು ಕಣ್ಣಿಗೆ ಬಿದ್ದರೆ ಅದು ಇದರ ಸಂತತಿಯದಾಗಿರುವುದೇ ಹೆಚ್ಚು. ಇದರ ಪಾಠಾಂತರಗಳಲ್ಲಿ ಮೂರನ್ನು ಅವಶ್ಯವಾಗಿ ತಿಳಿದಿರಬೇಕು.

ಮೊದಲನೆಯದು 0.410 ಅಂಗುಲದ ಪೋಲೀಸು ಕೋವಿ. ರೈಫಲಿನ ನಳಿಗೆಯನ್ನು ಹಿಗ್ಗಿಸಿ ನುಣುಪಾಗಿ ಕೊರೆದು, 0.303ರ ತೋಟಾದ ಕೊರಳನ್ನು ಕಿರಿದಾಗಿಸದೆ ನೇರವಾಗಿ ಬಿಟ್ಟಂತಹ ಒಂದು ವಿಶೇಷ ತೋಟಾಕ್ಕೆ ಹೊಂದಿಸಿದರು. ಹತ್ತು ತೋಟಾಗಳ ಪೆಟ್ಟಿಗೆಯಿದ್ದ ಜಾಗಕ್ಕೆ ಮರದ ತುಂಡೊಂದನ್ನು ತುಂಬಿ, ಒಂದು ಸಲಕ್ಕೆ ಒಂದೇ ತೋಟಾ ಹಿಡಿಯುವಂತೆ ಮಾಡಿದರು. ಠಾಣೆಯ ಮತ್ತು ಕಾವಲಿನ ಜನಕ್ಕೆ ಇದನ್ನು ಕೊಟ್ಟುದರ ಉದ್ದೇಶ ಸ್ಪಷ್ಟವಾಗಿದೆ: ಗುಂಪನ್ನು ಚದುರಿಸುವುದಕ್ಕೆ ಸಾಕಾಗಬೇಕು, ದಂಡಿನ ಎದುರು ನಿಲ್ಲಬಾರದು, ಕಳವಾಗಿ ಹೋದರೂ ದಂಡಿನ ತೋಟಾ ಅದಕ್ಕೆ ಹಿಡಿಸಬಾರದು. 1858ರಲ್ಲಿ ಎನ್‌ಫೀಲ್ಡಿಗೆ ಮಾಡಿದುದನ್ನೇ ಎರಡು ತಲೆಮಾರು ಕಳೆದ ಮೇಲೆ ಅದರ ಮೊಮ್ಮಗನಿಗೂ ಮಾಡಿದರು. ಸ್ವಾತಂತ್ರ್ಯ ಬಂದ ಮೇಲೂ ಈ ಕೋವಿಗಳು ಠಾಣೆಗಳಲ್ಲಿ ಉಳಿದುವೆಂಬುದನ್ನೂ ಮರೆಯತಕ್ಕದ್ದಲ್ಲ; ಆಳುವವರು ಬದಲಾದಷ್ಟು ಬೇಗ ಕೋವಿ ಬದಲಾಗುವುದಿಲ್ಲ.

ಎರಡನೆಯದು 0.315 ಅಂಗುಲದ ಬೇಟೆಯ ಕೋವಿ. ದಂಡಿನ ತೋಟಾವನ್ನು ಪ್ರಜೆಗಳು ಇಟ್ಟುಕೊಳ್ಳಬಾರದೆಂಬ ನಿಯಮವಿದ್ದುದರಿಂದ, ಆಸ್ಟ್ರಿಯದ ಮಾನ್‌ಲಿಕರ್ ತೋಟಾದ ವಂಶದ ಬೇರೊಂದು ತೋಟಾಕ್ಕೆ ಲೀ-ಎನ್‌ಫೀಲ್ಡಿನ ಯಂತ್ರವನ್ನು ಅಳವಡಿಸಿ ಲೈಸೆನ್ಸುದಾರರಿಗೆ ಮಾರಿದರು. ಇದು ಹಳೆಯದನ್ನು ತಿದ್ದಿದುದಲ್ಲ, ಅದೇ ಅಚ್ಚಿನಲ್ಲಿ ಬೇರೆಯಾಗಿ ಮಾಡಿದುದು. ಆದರೂ ನೋಟಕ್ಕೆ ಅದರಂತೆಯೇ ಇರುವುದರಿಂದ, ನಳಿಗೆಯ ಅಗಲವನ್ನು ಅಳೆಯದೆ ಯುದ್ಧದ ಕೋವಿಯೆಂದು ಬರೆದಿಡುವ ತಪ್ಪು ಆಗುವುದುಂಟು.

ಮೂರನೆಯದು 0.22 ಅಂಗುಲದ ಅಭ್ಯಾಸದ ಕೋವಿ. ದೊಡ್ಡ ನಳಿಗೆಯೊಳಗೆ ಸಣ್ಣ ನಳಿಗೆಯನ್ನು ತೊಡಿಸಿಯೋ, ಸಣ್ಣ ಬಾಯಿಯ ಹೊಸ ನಳಿಗೆಯನ್ನೇ ಹಾಕಿಯೋ, ಕಡಮೆ ಖರ್ಚಿನ ಪುಟ್ಟ ತೋಟಾದಿಂದ ಗುರಿಯನ್ನು ಕಲಿಸುವ ಉಪಾಯವಿದು. 1948ರಲ್ಲಿ ಸ್ಥಾಪಿತವಾದ ಎನ್.ಸಿ.ಸಿ.ಯ ಮೂಲಕ ಇದು ಕಾಲೇಜುಗಳ ಅಂಗಳಕ್ಕೂ ಬಂದಿತು. ಖಾಕಿ ತೊಟ್ಟು ನೆಲಕ್ಕೆ ಮಲಗಿ ಗುರಿಯಿಟ್ಟ ಅನೇಕ ಅಧ್ಯಾಪಕರು ತಮ್ಮ ವಿದ್ಯಾರ್ಥಿದೆಸೆಯಲ್ಲಿ ಹಿಡಿದುದು ಮಾರ್ಪಟ್ಟ ದಂಡಿನ ಕೋವಿಯನ್ನೇ.

ಇವಲ್ಲದೆ ಕಾರ್ಖಾನೆಯ ಹೊರಗೆ ಆದ ಮಾರ್ಪಾಟುಗಳೂ ಉಂಟು. ಮುಂಭಾಗದ ಮರವನ್ನು ಅರ್ಧಕ್ಕೆ ಕೊಯ್ದು ಬೇಟೆಗೆ ಹಗುರಮಾಡಿದುದು, ಒಡೆದ ಮರಕ್ಕೆ ಹಿತ್ತಾಳೆಯ ಪಟ್ಟಿ ಬಡಿದುದು, ಊರ ಕಮ್ಮಾರನು ಮುರಿದ ಕುದುರೆಯ ಬದಲು ಬೇರೆಯದನ್ನು ಬೆಸೆದುದು ಇತ್ಯಾದಿ. ಮುಂಭಾಗದ ಮರಕ್ಕೆ ತಂತಿಯನ್ನು ಒತ್ತೊತ್ತಾಗಿ ಸುತ್ತಿದ ಲೀ-ಎನ್‌ಫೀಲ್ಡ್ ಕಂಡರೆ ಅದು ಕಮ್ಮಾರನ ಕೆಲಸವೆಂದು ಎಣಿಸಬಾರದು. ಬಾಯಿಗೆ ಬಟ್ಟಲನ್ನು ಕೂಡಿಸಿ ಕೈಬಾಂಬನ್ನು ಎಸೆಯುವುದಕ್ಕಾಗಿ, ನಳಿಗೆ ಸಿಡಿದರೂ ಹೊಡೆಯುವವನಿಗೆ ಅಪಾಯವಾಗದಿರಲೆಂದು ದಂಡಿನವರೇ ಸುತ್ತಿದುದು ಅದು.

ಇನ್ನು ಮುದ್ರೆಗಳು. ಈಸ್ಟ್ ಇಂಡಿಯ ಕಂಪೆನಿಯ ಕೋವಿಗಳಲ್ಲಿ 1808ರವರೆಗೆ ಹೃದಯಾಕಾರದ ಮುದ್ರೆಯೂ, ಅನಂತರ ಹಿಂಗಾಲಿನ ಮೇಲೆ ನಿಂತ ಸಿಂಹವೂ ಇರುವುವು. ಬ್ರಿಟಿಷ್ ಸರ್ಕಾರದ ಸೊತ್ತಿಗೆ ಬಾಣದ ಗುರುತು. ಬಾಣದ ಕೆಳಗೆ ಇಂಗ್ಲಿಷಿನ ಐ ಅಕ್ಷರವಿದ್ದರೆ ಭಾರತ ಸರ್ಕಾರದ ಸೊತ್ತು. ಎರಡು ಬಾಣಗಳು ತುದಿಗೆ ತುದಿ ತಾಗಿ ನಿಂತಿದ್ದರೆ ಸೇವೆಯಿಂದ ತೆಗೆದು ಮಾರಿದುದೆಂದು ಅರ್ಥ. ಹರಾಜಿನ ಕೋವಿಗೆ ಇದೇ ಮುಖ್ಯ ಸಾಕ್ಷಿ. ಡಿ.ಪಿ. ಎಂಬ ಅಕ್ಷರಗಳಿದ್ದರೆ ಅದು ಕವಾಯತಿಗೆ ಮಾತ್ರ ಮೀಸಲಾದುದು. ಅದರಿಂದ ಗುಂಡು ಹಾರಿಸುವಂತಿಲ್ಲ. ವಿಕ್ಟೋರಿಯಾ ರಾಣಿಯ ವಿ.ಆರ್. ಮುದ್ರೆಯ ಪಕ್ಕದಲ್ಲಿ 1907 ಎಂಬ ವರ್ಷವಿದ್ದರೆ ಅದು ವಾಯವ್ಯದ ಗಡಿನಾಡಿನಲ್ಲಿ ಕೈಯಿಂದ ಮಾಡಿದ ನಕಲೆಂದು ತಿಳಿಯಬಹುದು. ರಾಣಿಯು 1901ರಲ್ಲಿಯೇ ಕಾಲವಾದಳು. ತಿರುಗುಮುರುಗಾಗಿ ಕೊರೆದ ಇಂಗ್ಲಿಷ್ ಅಕ್ಷರಗಳೂ ಅಂತಹ ನಕಲುಗಳಲ್ಲಿ ಕಾಣುವುವು. ಅಕ್ಷರವರಿಯದ ಕುಶಲಿಯು ಪ್ರತಿಮಾಡಿದ ಓಲೆಯಲ್ಲಿ ಬರುವ ಸ್ಖಾಲಿತ್ಯವೇ ಇದು.

ಪರೀಕ್ಷೆಯ ಕ್ರಮವು ಹೀಗಿರತಕ್ಕದ್ದು. ಎಲ್ಲಕ್ಕೂ ಮೊದಲು ಕೋವಿಯು ತುಂಬಿದೆಯೆಂದೇ ಭಾವಿಸಬೇಕು. ಬಾಯಿಯಿಂದ ತುಂಬುವ ಹಳೆಯ ಕೋವಿಗಳು ತುಂಬಿದಂತೆಯೇ ದಶಕಗಟ್ಟಲೆ ಮೂಲೆಯಲ್ಲಿ ನಿಂತಿರುವುದುಂಟು. ನಳಿಗೆಯೊಳಗೆ ಗಜವನ್ನು ಇಳಿಬಿಟ್ಟು, ಅದು ಹೋದಷ್ಟು ಉದ್ದವನ್ನು ಹೊರಗಿನಿಂದ ಹೋಲಿಸಿದರೆ, ಹಿಂದುಗಡೆ ಮದ್ದುಗುಂಡು ಉಳಿದಿದೆಯೋ ಇಲ್ಲವೋ ತಿಳಿಯುವುದು. ಸಂದೇಹವಿದ್ದರೆ ಬಲ್ಲವರ ಕೈಗೆ ಒಪ್ಪಿಸತಕ್ಕದ್ದು. ಅನಂತರ ಬಾಯಿಯ ಅಗಲ, ಗೀರುಗಳ ಸಂಖ್ಯೆ, ಗೀರು ತಿರುಗುವ ದಿಕ್ಕು. ಆಮೇಲೆ ಪಕ್ಕದ ತಗಡು, ನಳಿಗೆ, ಮರ ಇವುಗಳ ಮೇಲಣ ಮುದ್ರೆಗಳು. ಕಡೆಯಲ್ಲಿ ಬಿಡಿಭಾಗಗಳ ಸಂಖ್ಯೆಗಳು ಒಂದಕ್ಕೊಂದು ಹೊಂದುವುವೋ ಎಂಬ ವಿಚಾರ. ಪ್ರತಿಯೊಂದನ್ನೂ ಕಂಡಂತೆ ಬರೆದುಕೊಂಡ ಮೇಲೆಯೇ ಹೆಸರಿಡಬೇಕು. ಹೆಸರನ್ನು ಮೊದಲು ಇಟ್ಟವನಿಗೆ ಮುದ್ರೆಗಳು ಅವನಿಗೆ ಬೇಕಾದುದನ್ನೇ ಹೇಳುವುವು.

ಕಾನೂನಿನ ವಿಚಾರವನ್ನೂ ಬಿಡುವಂತಿಲ್ಲ. 1959ರ ಆಯುಧ ಕಾಯಿದೆಯಂತೆ, ದುರಸ್ತಿ ಮಾಡಿದರೂ ಹಾರಿಸಲಾಗದ ಹಳೆಯ ಅಥವಾ ಪುರಾತನಮೌಲ್ಯದ ಆಯುಧಕ್ಕೆ ಮಾತ್ರ ರಿಯಾಯಿತಿ. ಹಾರಿಸಬಲ್ಲುದಾದರೆ, ಅಥವಾ ದುರಸ್ತಿಯಿಂದ ಹಾಗಾಗಬಲ್ಲುದಾದರೆ, ಲೈಸೆನ್ಸು ಅವಶ್ಯಕ. ನಳಿಗೆಯನ್ನು ಮೊಟಕುಮಾಡುವುದೂ ಅಪರಾಧ. ಆದಕಾರಣ ಹಳೆಯ ಕೋವಿಯೊಂದು ಸಿಕ್ಕಿದಾಗ ಅದನ್ನು ಪರೀಕ್ಷಿಸುವುದಕ್ಕಿಂತ ಮೊದಲೇ ಅಧಿಕಾರಿಗಳಿಗೆ ತಿಳಿಸುವುದು ಯುಕ್ತ.

ಕಡೆಯದಾಗಿ ಬೆಲೆಯ ಮಾತು. ಕೆತ್ತನೆಯಿರುವ, ಬೆಳ್ಳಿ ಬಂಗಾರ ತುಂಬಿದ, ಹುಲಿಪಟ್ಟೆಯ ಟಿಪ್ಪುವಿನ ಕೋವಿಗಳು ಲೋಕದ ವಸ್ತುಸಂಗ್ರಹಾಲಯಗಳಲ್ಲಿ ಭದ್ರವಾಗಿವೆ. ಅವುಗಳ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಪಾಯದಲ್ಲಿರುವುದು ಹೆಸರಿಲ್ಲದ ಸಿಪಾಯಿಯ, ಪೇದೆಯ, ಕಾವಲುಗಾರನ ಕೋವಿ. ತುಕ್ಕು ಹಿಡಿದಿದೆಯೆಂದು ಉಜ್ಜಿದರೆ ಮುದ್ರೆಯು ಅಳಿಸಿಹೋಗುವುದು; ಮರದ ತುಂಡನ್ನು ಕಿತ್ತು ಹತ್ತು ತೋಟಾದ ಪೆಟ್ಟಿಗೆಯನ್ನು ಕೂರಿಸಿ ಮೂಲಸ್ಥಿತಿಗೆ ತಂದೆವೆಂದರೆ, ಪೋಲೀಸು ಕೋವಿಯ ಕಥೆಯೇ ಮುಗಿಯುವುದು. ಉತ್ತರಪ್ರದೇಶದ ಪೋಲೀಸರು 2020ರ ಗಣರಾಜ್ಯೋತ್ಸವದಂದು 0.303ರ ಕೋವಿಗೆ ಬೀಳ್ಕೊಟ್ಟರು. ಬೇರೆಡೆಗಳಲ್ಲಿಯೂ ಅದರ ಕಾಲವು ಮುಗಿಯುತ್ತ ಬಂದಿದೆ. ಉಗ್ರಾಣಗಳಿಂದ ಹೊರಬೀಳುವ ಕೋವಿಗಳೆಲ್ಲ ಕುಲುಮೆಗೆ ಹೋಗುವುದಕ್ಕೆ ಮುಂಚೆ, ಒಂದೊಂದು ಪಾಠಾಂತರಕ್ಕೆ ಒಂದೊಂದು ಮಾದರಿಯನ್ನಾದರೂ ನಿಷ್ಕ್ರಿಯಗೊಳಿಸಿ ಜಿಲ್ಲೆಯ ವಸ್ತುಸಂಗ್ರಹಾಲಯದಲ್ಲಿ, ಮಾರ್ಪಾಟು ಕಾಣುವಂತೆ, ವಿವರದೊಡನೆ ಇರಿಸುವುದು ಕಷ್ಟವಾದ ಕಾರ್ಯವಲ್ಲ.

ಚಿತ್ರದುರ್ಗದ ಬೀಸುಕಲ್ಲುಗಳನ್ನು ತೋರಿಸುವವರು, ಇಲ್ಲಿ ಮದ್ದು ಅರೆಯುತ್ತಿದ್ದರು ಎನ್ನುವರು. ಆ ಮದ್ದಿನ ಹಿಂದಿನ ಕೈಗಳು ಯಾರವು, ಅವು ಹಿಡಿದ ಕೋವಿಗಳು ಎಂತಹವು ಎಂದು ಕೇಳಿದರೆ ಹೇಳುವುದಕ್ಕೆ ಕಲ್ಲುಗಳಲ್ಲಿ ಏನೂ ಉಳಿದಿಲ್ಲ. ಆ ಬಳಿಕದ ನೂರೈವತ್ತು ವರ್ಷಗಳ ಮಾತು ಹಾಗಲ್ಲ. ಅದಕ್ಕೆ ಉತ್ತರವು ಇನ್ನೂ ನಳಿಗೆಗಳೊಳಗಿದೆ. ಬೆಳಕು ಹಿಡಿದು ಓದುವವರು ಬೇಕು.